ಒಣಗಿದ ಪ್ರಾರ್ಥನೆ ಅಪರಾಧವಲ್ಲ

ಪ್ರಾರ್ಥನೆ ರುಚಿಗೆಡುವ, ಓದಿದ ವಾಕ್ಯ ಒಳಗಿಳಿಯದ, ಆರಾಧನೆಯಲ್ಲಿ ಎಲ್ಲರೊಡನೆ ನಿಂತಿದ್ದರೂ ಮನಸ್ಸು ಮಿಡಿಯದ ಕಾಲವೊಂದು ಕ್ರೈಸ್ತ ವಿಶ್ವಾಸಿಯ ಬದುಕಿನಲ್ಲಿ ಬರುತ್ತದೆಂಬುದು ಎರಡು ಸಾವಿರ ವರ್ಷಗಳ ಅನುಭವ. ಭಕ್ತಿಗ್ರಂಥಗಳು ಇದನ್ನು ಶುಷ್ಕತೆ ಎಂದು ಕರೆದು, ಯಾತ್ರೆಯ ಒಂದು ಹಂತವೆಂದು ಎಣಿಸಿ, ಅದರ ಲಕ್ಷಣಗಳನ್ನೂ ಕಾರಣಗಳನ್ನೂ ತಾಳ್ಮೆಯಿಂದ ವಿವರಿಸಿವೆ. ಕಲಬುರಗಿಯ ಸಭೆಗಳಲ್ಲಿ ಇದಕ್ಕೆ ಸಿಗುವ ಹೆಸರುಗಳೇ ಬೇರೆ: ‘ಹಿಂಜಾರಿದ್ದಾರೆ’, ‘ಅಭಿಷೇಕ ಇಳಿದಿದೆ’, ‘ಒಳಗೆ ಯಾವುದೋ ಪಾಪ ಅಡಗಿದೆ’, ಅದೂ ಸಾಲದಿದ್ದರೆ ‘ಮನೆಗೆ ಶಾಪ ತಗುಲಿದೆ’. ನಂಬಿಗಸ್ತನಾದವನ ಹೃದಯದಲ್ಲಿ ಸದಾ ಆನಂದವೇ ತುಂಬಿರಬೇಕು, ಆನಂದ ಇಲ್ಲವೆಂದರೆ ತಪ್ಪು ಅವನದೇ ಎಂಬ ಈ ಮತ ಜೇವರ್ಗಿ ಕಾಲೋನಿಯ ಮನೆಕೂಟಗಳಿಂದ ಹಿಡಿದು ಕಮಲಾಪುರದ ಸುತ್ತಲಿನ ಹಳ್ಳಿಯ ಸಭೆಗಳವರೆಗೆ ಚರ್ಚೆಯೇ ಇಲ್ಲದೆ ಒಪ್ಪಿತವಾಗಿದೆ. ಯಾರೂ ಇದನ್ನು ಪ್ರಮಾಣೀಕರಿಸಿಲ್ಲ, ಯಾವ ವಿಶ್ವಾಸಪ್ರಮಾಣದಲ್ಲಿಯೂ ಇದನ್ನು ಬರೆದಿಲ್ಲ. ಆದರೂ ವಿಶ್ವಾಸಪ್ರಮಾಣಕ್ಕಿಂತ ಗಟ್ಟಿಯಾಗಿ ಇದನ್ನೇ ನಂಬಲಾಗುತ್ತಿದೆ. ಈ ಮತ ಸುಳ್ಳು, ಮತ್ತು ಅದು ಸುಳ್ಳಾಗಿರುವುದಕ್ಕಿಂತ ಹೆಚ್ಚು ಕ್ರೂರವಾಗಿದೆ.

2023ರಲ್ಲಿ ಮುಂಗಾರು ಕೈಕೊಟ್ಟಾಗ ಕರ್ನಾಟಕ ಸರಕಾರ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು. ಕಲಬುರಗಿ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ಹಾಗೆ ಘೋಷಿಸುವ ಮುನ್ನ ಅಧಿಕಾರಿಗಳು ಮಳೆಯ ಕೊರತೆಯನ್ನೂ ಮಣ್ಣಿನ ತೇವವನ್ನೂ ಬೆಳೆಯ ಹಾನಿಯನ್ನೂ ಅಳೆದರೇ ಹೊರತು ರೈತರ ಗುಪ್ತಪಾಪಗಳ ಪಟ್ಟಿಯನ್ನು ಕೇಳಲಿಲ್ಲ. ಅದರ ಹಿಂದಿನ ಹಂಗಾಮಿನಲ್ಲಿಯೇ, ಅಂದರೆ 2022–23ರಲ್ಲಿ, ತೊಗರಿಯ ಕಣಜವೆನಿಸಿದ ಈ ಜಿಲ್ಲೆಯಲ್ಲಿ ನೆಟೆ ರೋಗ ಬಿದ್ದು ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದ್ದವು. ಅಂಥ ಎರಡು ವರ್ಷಗಳು ಒಂದರ ಹಿಂದೊಂದು ಬಂದ ನಾಡಿನಲ್ಲಿ, ಸೊಸೈಟಿಯ ಸಾಲದ ಲೆಕ್ಕವನ್ನು ತಲೆಯಲ್ಲಿ ಹೊತ್ತು ಭಾನುವಾರ ಚರ್ಚಿಗೆ ಬಂದು ಕುಳಿತವನ ಬಾಯಿಂದ ಹಾಡು ಹೊರಡಲಿಲ್ಲವೆಂದರೆ, ಅದಕ್ಕೆ ಆತನ ಆತ್ಮಿಕ ನಿರ್ಲಕ್ಷ್ಯವೇ ಕಾರಣವೆನ್ನುವ ಧೈರ್ಯ ಪ್ರಸಂಗಪೀಠಕ್ಕೆ ಬಂದದ್ದಾದರೂ ಎಲ್ಲಿಂದ? ಒಣಗಿದ ಹೊಲಕ್ಕೆ ಪರಿಹಾರ ಕೊಡುವ ಸರಕಾರಕ್ಕಿರುವಷ್ಟು ವಿವೇಕ ಒಣಗಿದ ಹೃದಯದ ಮುಂದೆ ನಿಂತ ಸಭೆಗೆ ಇಲ್ಲವೇ?

ಪ್ರಸಂಗಪೀಠದ ಆ ಧೈರ್ಯ ಬೈಬಲಿನಿಂದ ಬಂದದ್ದಂತೂ ಅಲ್ಲ. ಇಸ್ರಾಯೇಲ್ಯರ ಪ್ರಾರ್ಥನಾಪುಸ್ತಕವಾದ ಕೀರ್ತನೆಗಳಲ್ಲಿರುವ 150 ರಚನೆಗಳ ಪೈಕಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳು, ಎಂದರೆ ದೇವರ ಮುಂದೆಯೇ ದೇವರ ಮೌನದ ಬಗ್ಗೆ ದೂರುವ ಹಾಡುಗಳು. ಹದಿಮೂರನೆಯ ಕೀರ್ತನೆ ಎಷ್ಟು ಕಾಲವೆಂದು ಮತ್ತೆ ಮತ್ತೆ ಕೇಳುತ್ತದೆ. ನಲವತ್ತೆರಡನೆಯದು ತನ್ನ ಪ್ರಾಣವನ್ನೇ ಎದುರಿಗೆ ಕೂರಿಸಿಕೊಂಡು ಏಕೆ ಕುಗ್ಗಿದ್ದೀಯೆಂದು ವಿಚಾರಿಸುತ್ತದೆ, ಉತ್ತರ ಸಿಗದೆ ಮತ್ತೊಮ್ಮೆ ವಿಚಾರಿಸುತ್ತದೆ. ಎಂಬತ್ತೆಂಟನೆಯ ಕೀರ್ತನೆಯಂತೂ ಎಲ್ಲಿಯೂ ಸಮಾಧಾನಕ್ಕೆ ತಿರುಗದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದರ ಕೊನೆಗೆ ಒಂದು ಹಲ್ಲೆಲೂಯ ಜೋಡಿಸಬೇಕೆಂದು ಸಂಕಲನಕಾರರಿಗೆ ತೋಚಲಿಲ್ಲ. ಇಂದಿನ ಯಾವುದೇ ಸಾಕ್ಷಿಕೂಟದಲ್ಲಿ ಆ ಕೀರ್ತನಕಾರ ಎದ್ದು ನಿಂತಿದ್ದರೆ ಮೈಕು ಕಸಿದುಕೊಂಡು ಅವನ ತಲೆಯ ಮೇಲೆ ಕೈಯಿಟ್ಟು ಬಿಡುಗಡೆಯ ಪ್ರಾರ್ಥನೆ ಆರಂಭಿಸುತ್ತಿದ್ದರೆಂಬುದರಲ್ಲಿ ಸಂಶಯವಿಲ್ಲ. ಯೋಬನ ಗ್ರಂಥದ್ದೂ ಇದೇ ಮಾತು. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಅಧ್ಯಾಯಗಳ ಉದ್ದಕ್ಕೂ ವಾದಿಸಿದ್ದು ಒಂದೇ ವಿಷಯವನ್ನು: ಕಷ್ಟವಿದೆಯೆಂದರೆ ಪಾಪವಿದೆ, ಒಪ್ಪಿಕೊಂಡುಬಿಡು. ನಲವತ್ತೆರಡನೆಯ ಅಧ್ಯಾಯದಲ್ಲಿ ದೇವರು ಕೋಪಿಸಿಕೊಳ್ಳುವುದು ದೂರಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಆ ಮೂವರ ಮೇಲೆ. ಇಂದು ಎಲೀಫಜನ ವಾದವೇ ಅನೇಕ ಸಭೆಗಳ ಆತ್ಮಿಕ ಆರೈಕೆಯಾಗಿದೆ, ಆ ವಾದಕ್ಕೆ ಬಂದ ದೈವತೀರ್ಪನ್ನು ಮಾತ್ರ ಯಾರೂ ಓದಿಸುವುದಿಲ್ಲ.

ಪ್ರವಾದಿ ಎಲೀಯನ ಪ್ರಕರಣ ಇನ್ನೂ ಬೋಧಪ್ರದವಾದದ್ದು, ಬರಗಾಲದ ಸೀಮೆಯ ಓದುಗರಿಗಂತೂ ವಿಶೇಷವಾಗಿ. ಒಂದನೆಯ ಅರಸುಗಳು ಗ್ರಂಥದ ಹದಿನೆಂಟನೆಯ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಯುತ್ತದೆ, ವರ್ಷಗಳ ಬರ ಮುಗಿದು ಮಳೆ ಸುರಿಯುತ್ತದೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಅದೇ ಪ್ರವಾದಿ ಅಡವಿಗೆ ಓಡಿ, ಒಂಟಿ ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ನೆಲ ತೊಯ್ದ ಮೇಲೆ ಪ್ರವಾದಿ ಒಣಗಿದ. ಆಗ ಬಂದ ದೇವದೂತನು ‘ನಿನ್ನ ಪ್ರಾರ್ಥನಾಜೀವನ ಹೇಗಿದೆ’ ಎಂದು ವಿಚಾರಿಸಲಿಲ್ಲ, ಮೂರು ದಿನದ ಉಪವಾಸವನ್ನು ವಿಧಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಮಲಗಲು ಬಿಟ್ಟು, ಎರಡನೆಯ ಸಲ ತಟ್ಟಿ ಎಬ್ಬಿಸಿ ಮತ್ತೆ ಉಣ್ಣಿಸಿದನು. ಹಸಿದು ದಣಿದವನಿಗೆ ಅನ್ನ ಮತ್ತು ನಿದ್ದೆ ಕೊಡುವುದು ದೇವದೂತನ ಚಿಕಿತ್ಸೆಯಾದರೆ, ದಣಿದವನಿಗೆ ಇಡೀ ರಾತ್ರಿಯ ಜಾಗರಣಕೂಟವನ್ನು ವಿಧಿಸುವುದು ಯಾರ ಚಿಕಿತ್ಸೆ?

ಈ ಮತದ ಸಮರ್ಥಕರು ಎತ್ತಿಹಿಡಿಯುವ ವಚನಗಳಿಲ್ಲವೆಂದಲ್ಲ. ಜನರ ಅಪರಾಧಗಳು ಅವರಿಗೂ ದೇವರಿಗೂ ನಡುವೆ ಅಡ್ಡಿಯಾಗಿ ಆತನ ಮುಖವನ್ನು ಮರೆಮಾಡಿವೆಯೆಂದು ಯೆಶಾಯನ ಐವತ್ತೊಂಬತ್ತನೆಯ ಅಧ್ಯಾಯ ಹೇಳುತ್ತದೆ. ಆದರೆ ಅದೇ ಉಸಿರಿನಲ್ಲಿ ಆ ಅಪರಾಧಗಳು ಯಾವುವೆಂದೂ ಪ್ರವಾದಿ ಹೇಳಿದ್ದಾನೆ: ರಕ್ತದಿಂದ ಹೊಲೆಯಾದ ಕೈಗಳು, ಸುಳ್ಳಾಡುವ ತುಟಿಗಳು, ನ್ಯಾಯಸ್ಥಾನದಲ್ಲಿ ಸತ್ಯಕ್ಕೆ ಸೋಲು. ಅದು ಒಂದು ಸಮಾಜದ ಅನ್ಯಾಯದ ಮೇಲಿನ ಆರೋಪಪಟ್ಟಿ. ಅದರ ಮೊದಲ ಸಾಲನ್ನು ಕತ್ತರಿಸಿ ತೆಗೆದು, ಬೆಳಗ್ಗೆ ಬೈಬಲ್ ತೆರೆದು ಕುಳಿತರೂ ಏನೂ ಅನಿಸುತ್ತಿಲ್ಲವೆಂದು ಅಳುವ ಹೆಣ್ಣುಮಗಳ ಮೇಲೆ ಹೊರಿಸುವುದು ವ್ಯಾಖ್ಯಾನವಲ್ಲ, ಕಳ್ಳಸಾಕ್ಷಿ. ಯಾವಾಗಲೂ ಸಂತೋಷಿಸಿರೆಂದು ಪೌಲನು ಫಿಲಿಪ್ಪಿಯವರಿಗೆ ಬರೆದದ್ದನ್ನೂ ಹೀಗೆಯೇ ಬಳಸಲಾಗುತ್ತದೆ. ಆ ಪತ್ರದ ಎರಡನೆಯ ಅಧ್ಯಾಯದಲ್ಲಿಯೇ ಅದೇ ಪೌಲನು, ತನ್ನ ಜೊತೆಗಾರ ಎಪಫ್ರೊದೀತನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು ಒಪ್ಪಿಕೊಂಡದ್ದು ಮಾತ್ರ ಪ್ರಸಂಗಗಳಲ್ಲಿ ಕೇಳಿಬರುವುದಿಲ್ಲ.

ಬೈಬಲನ್ನು ಬಿಟ್ಟು ಪರಂಪರೆಯ ಕಡೆಗೆ ಹೊರಳಿದರೂ ಈ ಮತಕ್ಕೆ ಆಸರೆ ಸಿಗದು, ಅದರಲ್ಲಿಯೂ ಕಲಬುರಗಿ–ಬೀದರ ಸೀಮೆಯಲ್ಲಿ. ಇಲ್ಲಿನ ಪ್ರೊಟೆಸ್ಟಂಟ್ ಕ್ರೈಸ್ತರಲ್ಲಿ ಬಹಳಷ್ಟು ಜನರ ಹಿಂದಿನ ತಲೆಮಾರುಗಳು ದೀಕ್ಷಾಸ್ನಾನ ಪಡೆದದ್ದು ಮೆಥೊಡಿಸ್ಟ್ ಸಭೆಯಲ್ಲಿ, ಎಂದರೆ ಇಂಗ್ಲೆಂಡಿನ ಜಾನ್ ವೆಸ್ಲಿ (1703–1791) ಹುಟ್ಟುಹಾಕಿದ ಚಳವಳಿಯಿಂದ ಬೆಳೆದ ಸಭೆಯಲ್ಲಿ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ ವೆಸ್ಲಿಯ ಹೃದಯ ಬೆಚ್ಚಗಾದ ಸಂಗತಿಯನ್ನು ಅರಿಯದ ಮೆಥೊಡಿಸ್ಟರು ವಿರಳ. ಅದಾಗಿ ಎಂಟು ತಿಂಗಳು ತುಂಬುವ ಮೊದಲೇ, 1739ರ ಜನವರಿಯಲ್ಲಿ, ಅದೇ ವೆಸ್ಲಿ ತಾನಿನ್ನೂ ಕ್ರೈಸ್ತನಲ್ಲವೆಂದು ತನ್ನ ದಿನಚರಿಯಲ್ಲಿ ಬರೆದುಕೊಂಡದ್ದನ್ನು ಅರಿತವರು ಎಷ್ಟು ಜನ? ಬೆಚ್ಚಗಾದ ಸಂಜೆಯನ್ನು ವರ್ಷವರ್ಷವೂ ಸ್ಮರಿಸಿ, ತಣ್ಣಗಾದ ಜನವರಿಯನ್ನು ಮುಚ್ಚಿಡುವ ಸಭೆ ತನ್ನ ಸ್ಥಾಪಕನ ಅರ್ಧ ಜೀವನಚರಿತ್ರೆಯನ್ನಷ್ಟೇ ಇಟ್ಟುಕೊಂಡಂತಾಯಿತು.

ವೆಸ್ಲಿಯ ಎರಡು ಪ್ರಸಂಗಗಳು ಈ ವಿಷಯಕ್ಕೇ ಮೀಸಲಾಗಿವೆ. 1760ರಲ್ಲಿ ಪ್ರಕಟವಾದ ಅವು ಮೆಥೊಡಿಸ್ಟ್ ಬೋಧನೆಯ ಮಾನದಂಡವೆಂದು ಗಣಿಸಲಾದ ಪ್ರಸಂಗಗಳ ಸಾಲಿನಲ್ಲಿವೆ. ಒಂದರ ವಿಷಯ ವಿಶ್ವಾಸಿಯ ಅರಣ್ಯಾವಸ್ಥೆ, ಎಂದರೆ ಹಿಂದೆ ಇದ್ದ ಬೆಳಕು ಮತ್ತು ಪ್ರೀತಿ ಕಳೆದುಹೋದ ಸ್ಥಿತಿ. ಇನ್ನೊಂದರದು ನಾನಾ ಶೋಧನೆಗಳಿಂದ ಮನಸ್ಸಿಗೆ ಕವಿಯುವ ಭಾರ, ಎಂದರೆ ವಿಶ್ವಾಸ ಉಳಿದಿದ್ದರೂ ಹೃದಯ ಕುಗ್ಗುವ ಸ್ಥಿತಿ. ಮೊದಲನೆಯದರಲ್ಲಿ ಆತ ಪಾಪವನ್ನೂ ಒಂದು ಕಾರಣವೆಂದು, ಅದೂ ಸಾಮಾನ್ಯವಾದ ಕಾರಣವೆಂದು ಎಣಿಸಿದ್ದಾನೆ, ಸರಿ. ಆದರೆ ಅಲ್ಲಿಗೇ ನಿಲ್ಲದೆ ಅಜ್ಞಾನವನ್ನೂ ಶೋಧನೆಯನ್ನೂ ಬೇರೆ ಬೇರೆ ಕಾರಣಗಳನ್ನಾಗಿ ಹೇಳಿ, ಕಾರಣ ಯಾವುದೆಂದು ಅರಿಯದೆ ಎಲ್ಲರಿಗೂ ಒಂದೇ ಮದ್ದು ಕೊಡುವುದು ಮಾರಕವಾದ ತಪ್ಪೆಂದು ಖಂಡಿಸಿದ್ದಾನೆ. ಕಂಡಕಂಡವರಿಗೆಲ್ಲ ವಾಗ್ದಾನಗಳನ್ನು ಹಂಚುವ ಬೋಧಕರನ್ನು ಅಲ್ಲಿಯೇ ತರಾಟೆಗೆ ತೆಗೆದುಕೊಂಡಿದ್ದಾನೆ. ತಿಂಗಳ ಮೊದಲ ದಿನ ಇಡೀ ಸಭೆಗೆ ಒಂದೇ ‘ವಾಗ್ದಾನ’ವನ್ನು ಘೋಷಿಸುವ ಪದ್ಧತಿಯನ್ನು ಕಂಡಿದ್ದರೆ ಆತ ಏನೆನ್ನುತ್ತಿದ್ದ?

ಎರಡನೆಯ ಪ್ರಸಂಗವಂತೂ ಕಲಬುರಗಿಗಾಗಿಯೇ ಬರೆದಂತಿದೆ. ದೀರ್ಘಕಾಲದ ಕಾಯಿಲೆ, ಆಪ್ತರ ಸಾವು, ಬಡತನ ಇವು ಭಕ್ತನ ಮನಸ್ಸನ್ನು ಭಾರಗೊಳಿಸುವುದು ಸಹಜವೆಂದು, ವಿಶ್ವಾಸವು ಪ್ರಕೃತಿಯ ನಿಯಮವನ್ನು ರದ್ದುಗೊಳಿಸುವುದಿಲ್ಲವೆಂದು ವೆಸ್ಲಿ ಅಲ್ಲಿ ವಾದಿಸುತ್ತಾನೆ. ದುಡಿದು ದಣಿದು ಮನೆಗೆ ಬಂದರೆ ಅನ್ನಕ್ಕಾಗಿ ಅಳುವ ಮಕ್ಕಳು ಎದುರಾಗುವ ಮನುಷ್ಯನ ಚಿತ್ರವನ್ನು ಆತ ಕಟ್ಟಿಕೊಡುವಾಗ ಅಲ್ಲಿ ಉಪದೇಶದ ಧ್ವನಿ ಇಲ್ಲ, ಸಿಟ್ಟಿದೆ. ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗಿ, ತಿಂಗಳುಗಟ್ಟಲೆ ಸಭೆಯ ಮುಖ ಕಾಣದೆ, ಕಟ್ಟಡದ ಕೆಲಸ ಮುಗಿಸಿ ಮರಳುವ ಕುಟುಂಬಗಳಿಗೆ ‘ನಿಮ್ಮ ಮೊದಲಿನ ಬೆಂಕಿ ಎಲ್ಲಿ’ ಎಂದು ಕೇಳುವವರು, ಆ ಬೆಂಕಿಗೆ ಎಣ್ಣೆ ಯಾವ ಅಂಗಡಿಯಲ್ಲಿ ಸಾಲಕ್ಕೆ ಸಿಗುತ್ತದೆಂಬುದನ್ನೂ ಹೇಳಬೇಕಿತ್ತು.

ಕ್ಯಾಥೊಲಿಕ್ ಪರಂಪರೆಯ ಸಾಕ್ಷ್ಯವೂ ವೆಸ್ಲಿಯ ಮಾತಿಗೆ ವಿರುದ್ಧವಲ್ಲ. ಸ್ಪೇನಿನ ಕಾರ್ಮೆಲ್ ಸಭೆಯ ಸನ್ಯಾಸಿ ಶಿಲುಬೆಯ ಸಂತ ಯೊವಾನ್ನ (1542–1591) ತನ್ನದೇ ಸಭೆಯ ಸಹೋದರರಿಂದ 1577ರ ಕೊನೆಯಿಂದ 1578ರ ಆಗಸ್ಟಿನವರೆಗೆ ಟೊಲೆಡೊದಲ್ಲಿ ಸೆರೆಯಲ್ಲಿಡಲ್ಪಟ್ಟವನು. ಆತ್ಮದ ಕತ್ತಲೆರಾತ್ರಿ ಎಂಬ ಕಲ್ಪನೆ ಆತನ ಹೆಸರಿನೊಂದಿಗೇ ಬೆಸೆದುಕೊಂಡಿದೆ. ಶುಷ್ಕತೆ ದೇವರಿಂದ ಬಂದದ್ದೇ ಎಂದು ಗುರುತಿಸಲು ಆತ ಮೂರು ಲಕ್ಷಣಗಳನ್ನು ಕೊಡುತ್ತಾನೆ: ದೇವರ ವಿಷಯಗಳಲ್ಲಾಗಲಿ ಲೋಕದ ವಿಷಯಗಳಲ್ಲಾಗಲಿ ರುಚಿ ಸಿಗದಿರುವುದು, ಆದರೂ ದೇವರ ಸೇವೆಯಲ್ಲಿ ಹಿಂದೆ ಬಿದ್ದೆನೆಂಬ ನೋವಿನ ಕಾಳಜಿ ಬಿಡದಿರುವುದು, ಹಿಂದಿನಂತೆ ಕಲ್ಪನೆಯ ಮೂಲಕ ಧ್ಯಾನಿಸಲಾಗದಿರುವುದು. ಇವುಗಳಲ್ಲಿ ಎರಡನೆಯದನ್ನು ಗಮನಿಸಬೇಕು. ತಾನು ಒಣಗಿದೆನೆಂದು ಕೊರಗುವವನು, ಆ ಕೊರಗಿನ ಕಾರಣದಿಂದಲೇ, ದೇವರಿಂದ ದೂರವಾದವನಲ್ಲವೆಂಬುದು ಸಂತನ ನಿರ್ಣಯ. ಕಲಬುರಗಿಯಲ್ಲಿ ಅದೇ ಕೊರಗನ್ನು ಅಪರಾಧದ ಪುರಾವೆಯಾಗಿ ಹಿಡಿಯಲಾಗುತ್ತದೆ. ಲೊಯೊಲಾದ ಇಗ್ನೇಷಿಯಸ್ 1548ರಲ್ಲಿ ಮುದ್ರಣಗೊಂಡ ತನ್ನ ಆಧ್ಯಾತ್ಮಿಕ ಸಾಧನೆಗಳ ಗ್ರಂಥದಲ್ಲಿ ಇನ್ನೊಂದು ನಿಯಮವನ್ನು ಕೊಟ್ಟಿದ್ದಾನೆ: ಬೇಸರದ ಕಾಲದಲ್ಲಿ ಹಿಂದೆ ಮಾಡಿದ ನಿಶ್ಚಯವನ್ನು ಬದಲಿಸಕೂಡದು. ಈಗ ನಡೆಯುತ್ತಿರುವುದು ಇದಕ್ಕೆ ನೇರ ವಿರುದ್ಧ. ಮನಸ್ಸು ಬೇಸರಗೊಂಡ ವಾರವೇ ಸಭೆ ಬದಲಾಗುತ್ತದೆ, ಪಾಸ್ಟರ್ ಬದಲಾಗುತ್ತಾರೆ, ಮುಳುಗಿ ಎದ್ದ ದೀಕ್ಷಾಸ್ನಾನ ಸಾಲದೆಂದು ಮತ್ತೊಂದು ಕೊಳದಲ್ಲಿ ಮತ್ತೊಮ್ಮೆ ಮುಳುಗಿಸಲಾಗುತ್ತದೆ.

ಶಿಲುಬೆಯ ಯೊವಾನ್ನನು ಆ ಲಕ್ಷಣಗಳನ್ನು ಕೊಟ್ಟದ್ದೇ ಶುಷ್ಕತೆಯನ್ನು ಪಾಪದಿಂದಲೂ ಉದಾಸೀನದಿಂದಲೂ ಮಾತ್ರವಲ್ಲ, ದೇಹದ ಅಸ್ವಸ್ಥತೆಯಿಂದಲೂ ಬೇರ್ಪಡಿಸಲಿಕ್ಕಾಗಿ. ಹದಿನಾರನೆಯ ಶತಮಾನದ ಒಬ್ಬ ಸನ್ಯಾಸಿಗೆ ತಿಳಿದಿದ್ದ ಈ ಭೇದ ಇಂದಿನ ಬಿಡುಗಡೆಕೂಟಗಳಿಗೆ ತಿಳಿಯದಿರುವುದು ಅಜ್ಞಾನವಲ್ಲ, ಅಪಾಯ. ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು, ಮತ್ತು ಬಗೆಬಗೆಯ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ರಿಂದ 92ರವರೆಗಿತ್ತು. ನಿದ್ದೆ ಬಾರದಿರುವುದು, ಹಸಿವು ಸಾಯುವುದು, ಯಾವುದರಲ್ಲಿಯೂ ಆಸಕ್ತಿ ಉಳಿಯದಿರುವುದು, ಬದುಕಿರುವುದೇ ಬೇಡವೆನಿಸುವುದು ಇವು ಖಿನ್ನತೆಯ, ಎಂದರೆ ಔಷಧಕ್ಕೂ ಆಪ್ತಸಲಹೆಗೂ ಸ್ಪಂದಿಸುವ ಒಂದು ಕಾಯಿಲೆಯ, ಲಕ್ಷಣಗಳು. ಹೆರಿಗೆಯಾದ ಕೆಲವು ವಾರಗಳಲ್ಲಿ ಈ ಸ್ಥಿತಿಗೆ ಬಿದ್ದ ಬಾಣಂತಿಗೆ ಉಪವಾಸ ಹೇಳಿಕೊಡುವುದು ಭಕ್ತಿಯೇ? ಎದೆಹಾಲು ಕುಡಿಸುವವಳನ್ನು ಹಸಿವಿನಲ್ಲಿ ಕೂರಿಸಿ ಸೈತಾನನನ್ನು ಗದರಿಸುವುದು ಯಾವ ಸುವಾರ್ತೆ? ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ 14416 ಸಂಖ್ಯೆಯಲ್ಲಿ ದೊರೆಯುತ್ತಿದೆ. ಮನೆಯ ಪಕ್ಕದಲ್ಲಿ ಹುಟ್ಟಿದ ವ್ಯವಸ್ಥೆಯ ಹೆಸರನ್ನೂ ಪೀಠದಿಂದ ಹೇಳದವರು ಕರ್ತನು ಗುಣಪಡಿಸುತ್ತಾನೆಂದು ಮಾತ್ರ ಗಟ್ಟಿಯಾಗಿ ಸಾರುತ್ತಾರೆ. ಕರ್ತನು ಡಾಕ್ಟರರ ಕೈಯಿಂದಲೂ ಗುಣಪಡಿಸಬಲ್ಲನೆಂಬುದು ಜ್ವರಕ್ಕೂ ಸಕ್ಕರೆ ಕಾಯಿಲೆಗೂ ಅನ್ವಯಿಸುವಾಗ ಮನಸ್ಸಿಗೆ ಏಕೆ ಅನ್ವಯಿಸದು?

ಕಲಬುರಗಿಯ ಮಣ್ಣಿಗೆ ಈ ಅನುಭವ ಹೊಸದೇನೂ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1422ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡ ಖ್ವಾಜಾ ಬಂದೇ ನವಾಜರು ಸೇರಿದ ಸೂಫಿ ಪರಂಪರೆಯು ಹೃದಯ ಮುದುಡುವ ಸ್ಥಿತಿಗೆ ಕಬ್ಜ್ ಎಂದೂ ಅರಳುವ ಸ್ಥಿತಿಗೆ ಬಸ್ತ್ ಎಂದೂ ಹೆಸರಿಟ್ಟು, ಎರಡನ್ನೂ ಸಾಧಕನ ದಾರಿಯಲ್ಲಿ ಬರುವ ಅವಸ್ಥೆಗಳೆಂದು ಎಣಿಸಿತು. ಕಾಣದ ಚೆನ್ನಮಲ್ಲಿಕಾರ್ಜುನನಿಗಾಗಿ ಗಿಡಮರ, ಗಿಳಿಕೋಗಿಲೆಗಳನ್ನು ವಿಚಾರಿಸುತ್ತ ಅಲೆದ ಅಕ್ಕಮಹಾದೇವಿಯನ್ನು ಹಿಂಜಾರಿದವಳೆಂದು ಕನ್ನಡನಾಡಿನಲ್ಲಿ ಯಾರೂ ಕರೆಯಲಿಲ್ಲ. ನೆರೆಮನೆಯವರಿಗೆ ತಿಳಿದದ್ದು, ಶಿಲುಬೆಯ ಮೇಲೆ ತನ್ನ ದೇವರು ಕೈಬಿಟ್ಟದ್ದೇಕೆಂದು ಕೂಗಿದ ಯೇಸುವನ್ನು ಆರಾಧಿಸುವವರಿಗೆ ತಿಳಿಯದೇ ಹೋದದ್ದು ವಿಪರ್ಯಾಸ.

ಈ ಮತ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಕಾರಣ ದೇವತಾಶಾಸ್ತ್ರದಲ್ಲಿಲ್ಲ, ವ್ಯವಹಾರದಲ್ಲಿದೆ. ತೃಪ್ತನಾದ ವಿಶ್ವಾಸಿ ತನ್ನ ಸಭೆಯ ಬೆಂಚಿನಲ್ಲಿಯೇ ಇರುತ್ತಾನೆ. ತಾನು ಒಣಗಿದ್ದೇನೆ, ಅದು ತನ್ನದೇ ತಪ್ಪು ಎಂದು ಹೆದರಿದವನು ಮಾತ್ರ ಪ್ರತಿ ಪೋಸ್ಟರಿನ ಹಿಂದೆ ಓಡುತ್ತಾನೆ. ಅಪರಾಧಪ್ರಜ್ಞೆ ಇಲ್ಲದಿದ್ದರೆ ಉಜ್ಜೀವನ ಮಹಾಸಭೆಗಳ ಪೆಂಡಾಲುಗಳು ತುಂಬುವುದು ಹೇಗೆ, ಕಾಣಿಕೆಯ ಚೀಲ ಎರಡನೆಯ ಸಲ ಸುತ್ತುವುದು ಹೇಗೆ? ತೆಲಂಗಾಣದ ವಿಕಾರಾಬಾದಿನ ಬಳಿ 1923ರಿಂದ ಪ್ರತಿ ನವೆಂಬರಿನಲ್ಲಿ ನಡೆದುಕೊಂಡು ಬಂದಿರುವ ಧಾರೂರು ಜಾತ್ರೆಗೆ ಗಡಿಯ ಈಚೆಯಿಂದಲೂ ಮೆಥೊಡಿಸ್ಟ್ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೋಗುತ್ತವೆ. ಆ ಜಾತ್ರೆಯ ಮೇಲೆ ಯಾವ ದೂರೂ ಇಲ್ಲ, ಬೀಗರು-ನೆಂಟರು ಸೇರಿ ಹಾಡುವ, ಉಣ್ಣುವ, ಹರಕೆ ತೀರಿಸುವ ಸಂಭ್ರಮ ಅದು. ದೂರು ಇರುವುದು ಜಾತ್ರೆಯ ಬಿಸಿಯನ್ನೇ ವರ್ಷದ ಉಳಿದ ದಿನಗಳಿಗೆ ಅಳತೆಗೋಲು ಮಾಡಿಟ್ಟವರ ಮೇಲೆ. ನವೆಂಬರಿನ ಉತ್ಸಾಹ ಮೇ ತಿಂಗಳ ಉರಿಬಿಸಿಲಿನಲ್ಲಿ ಉಳಿಯದಿದ್ದರೆ ಅದು ದೇವದ್ರೋಹವೇ?

ಈ ಮತದ ಅತಿ ಕೆಟ್ಟ ಫಲ ಸಾಕ್ಷಿ ಹೇಳುವ ಸಮಯದಲ್ಲಿ ಕಾಣಿಸುತ್ತದೆ. ಸಾಕ್ಷಿಯೆಂದರೆ ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ಹೇಳುವುದು. ಹೇಳಬೇಕಾದದ್ದು ಯಾವಾಗಲೂ ಜಯವೇ ಆಗಿರಬೇಕೆಂಬ ಅಲಿಖಿತ ನಿಯಮದಿಂದಾಗಿ ಅದು ಸುಳ್ಳಿನ ತರಬೇತಿಯಾಗಿದೆ. ಒಳಗೆ ಬತ್ತಿದವರು ಹೊರಗೆ ಕೈಯೆತ್ತಿ ಕುಣಿಯುತ್ತಾರೆ, ಪಕ್ಕದವರ ಕುಣಿತವನ್ನು ಕಂಡು ಬತ್ತಿರುವುದು ತಾವೊಬ್ಬರೇ ಎಂದು ತಿಳಿಯುತ್ತಾರೆ, ಹೀಗೆ ಇಡೀ ಸಭೆ ಒಬ್ಬರನ್ನೊಬ್ಬರು ಮೋಸಗೊಳಿಸುತ್ತ ಕೂರುತ್ತದೆ. ಪಾಸ್ಟರರ ಪಾಡು ಇನ್ನೂ ಕಷ್ಟದ್ದು. ವಾರಕ್ಕೆ ಹಲವು ಕೂಟಗಳಲ್ಲಿ ಬೆಂಕಿಯ ಮಾತಾಡಬೇಕಾದವರು ತಾವೇ ಒಣಗಿದಾಗ ಹೇಳಿಕೊಳ್ಳಲು ಒಬ್ಬರೂ ಸಿಗುವುದಿಲ್ಲ. ಮದರ್ ತೆರೆಸಾ ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇಲ್ಲದೆ ಕೆಲಸ ಮಾಡಿದರೆಂಬುದು 2007ರಲ್ಲಿ ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. 2016ರಲ್ಲಿ ಅವರನ್ನು ಸಂತರೆಂದು ಸಾರುವಾಗ ಆ ಪತ್ರಗಳು ಯಾರಿಗೂ ಅಡ್ಡಿಯಾಗಲಿಲ್ಲ. ಕಲಬುರಗಿಯ ಉಪವಾಸಕೂಟವೊಂದರಲ್ಲಿ ಅವರು ಅದನ್ನು ಬಾಯಿಬಿಟ್ಟು ಹೇಳಿದ್ದರೆ ಮಾತ್ರ ಅಡ್ಡಿಯಾಗುತ್ತಿತ್ತು.

ಸಪ್ಪೆಯಾದ ದಿನಗಳನ್ನು ಸಭೆಯ ಪಂಚಾಂಗವೇ ಒಪ್ಪಿಕೊಂಡಿದೆ. ಕ್ಯಾಥೊಲಿಕ್ ಆರಾಧನಾವರ್ಷದಲ್ಲಿ ಹಬ್ಬವೂ ಅಲ್ಲದ, ತಪಸ್ಸುಕಾಲವೂ ಅಲ್ಲದ ‘ಸಾಧಾರಣ ಕಾಲ’ 33 ಅಥವಾ 34 ವಾರಗಳಷ್ಟಿರುತ್ತದೆ, ಎಂದರೆ ವರ್ಷದ ಅರ್ಧಕ್ಕಿಂತ ಹೆಚ್ಚು. ಶುಕ್ರವಾರದ ಶಿಲುಬೆಗೂ ಭಾನುವಾರದ ಪುನರುತ್ಥಾನಕ್ಕೂ ನಡುವೆ, ಏನೂ ನಡೆಯದ ಒಂದು ಪವಿತ್ರ ಶನಿವಾರವೂ ಇದೆ. ಬಾಳುವ ಕೆಲಸವೂ ಇಂಥ ಸಪ್ಪೆ ದಿನಗಳಲ್ಲಿಯೇ ಆಗುತ್ತದೆ. ಕನ್ನಡ ಕ್ರೈಸ್ತರು ಹೆಮ್ಮೆಯಿಂದ ಹೇಳಿಕೊಳ್ಳುವ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಶನ್ನಿನ ಬೋಧಕನಾಗಿ ಬಂದವನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆತನ ನಿಘಂಟು ಎರಡು ದಶಕಗಳಿಗೂ ಮಿಕ್ಕ ನೀರಸ ದುಡಿಮೆಯ ಫಲ, ಕೂಟಗಳ ಕಾವಿನ ಫಲವಲ್ಲ. ಅದೇ ಕಾಲದಲ್ಲಿ ಯಾವ ಊರಿನ ಯಾವ ಕೂಟದಲ್ಲಿ ಎಷ್ಟು ಜನ ಕಣ್ಣೀರಿಟ್ಟರೆಂಬುದು ಈಗ ಯಾರಿಗೂ ನೆನಪಿಲ್ಲ.

ಇದನ್ನೆಲ್ಲ ಕೇಳಿ, ‘ಹಾಗಾದರೆ ಸುಮ್ಮನೆ ಸಹಿಸಿಕೊಳ್ಳಲಿ, ದೇವರು ಪರೀಕ್ಷಿಸುತ್ತಿದ್ದಾನೆ’ ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ಅದು ಹಳೆಯ ಕ್ರೌರ್ಯದ ಸಭ್ಯ ರೂಪ. ಸಹನೆಯನ್ನು ಒಬ್ಬಂಟಿಯ ಮೇಲೆ ಹೊರಿಸಿ ಸಭೆ ತಾನು ಹೊರಗುಳಿಯುವಂತಿಲ್ಲ. ಒಣಗಿದವನ ಪರವಾಗಿ ಉಳಿದವರು ಪ್ರಾರ್ಥಿಸುವುದಕ್ಕಾಗಿಯೇ ಸಭೆ ಇದೆ, ಅವನ ಭಾವನೆಯನ್ನು ಕಾಯದೆ ರೊಟ್ಟಿಯನ್ನೂ ಪಾತ್ರೆಯನ್ನೂ ಅವನ ಕೈಗೆ ಕೊಡುವುದಕ್ಕಾಗಿಯೇ ಕರ್ತನ ಭೋಜನ ಇದೆ.

ಆದ್ದರಿಂದ ಕಲಬುರಗಿ ಮತ್ತು ಕಮಲಾಪುರದ ಸಭೆಗಳ ಹಿರಿಯರೂ ಪಾಸ್ಟರರೂ ಗುರುಗಳೂ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ತಿಂಗಳಿಗೊಂದು ಭಾನುವಾರವಾದರೂ ಪ್ರಲಾಪದ ಕೀರ್ತನೆಯೊಂದನ್ನು, ಕೊನೆಯಲ್ಲಿ ಸಮಾಧಾನದ ಬಾಲ ಅಂಟಿಸದೆ, ಇಡೀ ಸಭೆ ಎದ್ದು ನಿಂತು ಓದಲಿ. ಬೈಬಲ್ ಅಧ್ಯಯನಗಳಲ್ಲಿ ವೆಸ್ಲಿಯ ಆ ಎರಡು ಪ್ರಸಂಗಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ. ಚರ್ಚಿನ ಸೂಚನಾಫಲಕದಲ್ಲಿ 14416 ಎಂಬ ಸಂಖ್ಯೆ ಕಾಣುವಂತಿರಲಿ, ನಿದ್ದೆ-ಊಟ ಬಿಟ್ಟವರನ್ನು ಉಪವಾಸಕ್ಕೆ ಕೂರಿಸುವುದು ಇಂದೇ ನಿಲ್ಲಲಿ. ಪ್ರಾರ್ಥನೆಯಲ್ಲಿ ಏನೂ ಅನಿಸುತ್ತಿಲ್ಲವೆಂದು ಹೇಳಿಕೊಂಡು ಬಂದವರಿಗೆ ಯಾವ ಪಾಪ ಮಾಡಿದಿರೆಂದು ಕೇಳುವ ಮೊದಲು ಊಟವಾಯಿತೇ, ನಿದ್ದೆಯಾಯಿತೇ, ಮನೆಯಲ್ಲಿ ಏನು ಕಷ್ಟ ಎಂದು ಕೇಳಲಿ. ಜಯವಿಲ್ಲದ ಸಾಕ್ಷಿಯನ್ನು ಹೇಳಲು ಎದ್ದವರ ಕೈಯಿಂದ ಮೈಕು ಕಸಿದುಕೊಳ್ಳದಿರಲಿ. ಇಷ್ಟನ್ನೂ ಮಾಡಲೊಲ್ಲದ ಸಭೆ ಮುಂದಿನ ಉಜ್ಜೀವನ ಮಹಾಸಭೆಯ ಪೋಸ್ಟರನ್ನು ಗೋಡೆಗೆ ಅಂಟಿಸದಿರಲಿ.